ಮುಂಬೈಯಿಂದ ಬಂದ ರಿಪೋರ್ಟು

ಕಾಸರಕೋಡ, ಹೊನ್ನಾವರ
೯-೧೧-೨೦೦೮

ಪ್ರೀತಿಯ ತಂಗಿ ವಸಂತಿ,

ನಿನ್ನ ಎರಡೂ ಕಾಗದ ಬಂದಿವೆ. ಉತ್ತರ ಬರೆಯಲಿಲ್ಲವೆಂದು ಬಯ್ಯಬೇಡ. ಹಿರೇಗುತ್ತಿಯಲ್ಲಿ ಎಲ್ಲರೂ ಆರಾಮ ಎಂದುಕೊಂಡಿದ್ದೇನೆ. ಮೊದಲು ಒಳ್ಳೆ ಸುದ್ದಿ: ನಿನ್ನ ಭಾವ ಉಳಿಯುತ್ತಾರೆ. ಗಂಟಲಿನ ಕ್ಯಾನ್ಸರ್‌ಗೆ ಮಂಗಳೂರಿನಲ್ಲಿ ಮೂವತ್ತೈದು ದಿನ ರೇಡಿಯೇಶನ್ ಕರೆಂಟು ಕೊಟ್ಟು ಮುಗಿಯಿತು. ಈಗ ಗಂಜಿ ಇಳಿಯುತ್ತಿದೆ.

ನನ್ನ ಜಂಬ ನಿನಗೆ ಗೊತ್ತಲ್ಲ. ಯಾವ ಮದುವೆಯಲ್ಲಿ ಎಲೆಯಡಿಕೆ ಕವಳದ ಬಟ್ಟಲು ಬಂದರೂ, "ನಮ್ಮನೆಯವ್ರಿಗೆ ಬೇಡ. ಬೀಡಿ ಇಲ್ಲ, ಕವಳ ಇಲ್ಲ, ಶೆರೆ ಇಲ್ಲ" ಎಂದು ನಾಲ್ಕು ಜನ ಕೇಳುವಂತೆ ಹೇಳುವವಳು ನಾನು. ಡಾಕ್ಟರರ ಮುಂದೆಯೂ ಅದನ್ನೇ ಕೊಚ್ಚಿಕೊಂಡೆ. ಹಾಗಾದರೆ ಈ ರೋಗ ಬಂದದ್ದು ಹೇಗೆ ಎಂದು ಅವರು ಗಡ್ಡೆಯ ಚೂರನ್ನು ಪರೀಕ್ಷೆಗೆ ಮುಂಬೈಗೆ ಕಳಿಸಿದರು. ಸುಮ್ಮನಿರಬಾರದಿತ್ತೇ ನನ್ನ ಬಾಯಿ!

ರಿಪೋರ್ಟು ನೋಡಿ ಡಾಕ್ಟರರಿಗೆ ಖುಷಿಯೋ ಖುಷಿ. ಇದು ವೈರಸ್ಸಿನಿಂದ ಬಂದ ಗಡ್ಡೆ, ಚಿಕಿತ್ಸೆಗೆ ಬೇಗ ಬಗ್ಗುತ್ತದೆ, ವಯಸ್ಸೂ ಐವತ್ತು ದಾಟಿಲ್ಲ, ರಕ್ತವೂ ಕಡಿಮೆಯಿಲ್ಲ, ಬೀಡಿ ಸೇದುವವರಿಗಾದರೆ ಇಷ್ಟು ಧೈರ್ಯ ಹೇಳಲಾರೆ ಎಂದರು. ವೈರಸ್ಸು ಎಲ್ಲಿಂದ ಬಂತು ಎಂದು ಕೇಳಿದೆ. ಗಂಡು-ಹೆಣ್ಣಿನ ಕೂಡುವಿಕೆಯಿಂದ ಬರುವಂಥದ್ದಂತೆ. ಬಹಳ ಜನರಿಗೆ ಬಂದು ತಾನಾಗಿ ಹೋಗುತ್ತದಂತೆ. ಯಾರಿಂದ, ಯಾವಾಗ ಎಂದು ಯಾವ ಡಾಕ್ಟರೂ ಹೇಳಲಾರನಂತೆ, ಇಪ್ಪತ್ತು ಮೂವತ್ತು ವರ್ಷದ ಹಿಂದಿನದೂ ಇರಬಹುದಂತೆ.

ಡಾಕ್ಟರು ಹೇಳಲಾರದ್ದನ್ನು ನಾನು ಮನೆಗೆ ಬಂದು ಇವರನ್ನೇ ಕೇಳಿದೆ. ಸ್ವರ ಇನ್ನೂ ಬಂದಿಲ್ಲ, ಪಿಸುಗುಟ್ಟಿದರು.

"ಮದ್ವಿಗಿಂತ ಮುಂಚೆ. ರತ್ನಾಗಿರಿಲಿ ಬೋಟಿಗೆ ಹೋಗ್ತಿದ್ನಲೆ, ಆವಾಗ. ದುರ್ಗಿ ಅಂತ ಒಂದು ಹೆಂಗ್ಸು, ನಮಗೆ ಊಟ ಹಾಕ್ತಿತ್ತು."

"ಚಂದ ಇತ್ತಾ?"

"ಈಗ ಎಂತಕ್ಕೆ ಅದೆಲ್ಲ, ಮಾರಾಯ್ತಿ?"

ಇಲ್ಲ ಅನ್ನಲಿಲ್ಲ ನೋಡು!

ಹೊಟ್ಟೆ ಉರಿಯುತ್ತದೆ ವಸಂತಿ. ಇಪ್ಪತ್ತೆರಡು ವರ್ಷ ಮೀನಿನ ಮುಳ್ಳು ಬಿಡಿಸಿ ಬಡಿಸಿದವಳು ನಾನು. ಮಾಸ್ತಿಯಮ್ಮನ ಗುಡಿಗೆ ಹರಕೆ ಹೊತ್ತವಳು ನಾನು. ಇವರನ್ನು ಉಳಿಸಿದ್ದು ಮಾತ್ರ ಅವಳು ಅಂಟಿಸಿದ ವೈರಸ್ಸು! ಅವಳ ಮುಖ ನೋಡಿದವಳಲ್ಲ, ಆದರೂ ಗಂಜಿ ಕುಡಿಸುವಾಗ ಮಂಚದ ಆ ಬದಿಗೆ ಕೂತಿದ್ದಾಳೆ ಅನಿಸುತ್ತದೆ. ನಿನ್ನೆ ಚಮಚ ಕುಕ್ಕಿ, "ನಿಮ್ಮ ದುರ್ಗಿನೇ ಬಂದು ಕುಡಿಸ್ಲಿ" ಅಂದುಬಿಟ್ಟೆ. ಇವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಗಂಜಿ ಬಿಸಿ ಮಾಡಿ ತಂದು ನಾನೇ ಕುಡಿಸಿದೆ. ಬೇರೆ ಯಾರಿದ್ದಾರೆ?

ಮಕ್ಕಳು ಚೆನ್ನಾಗಿ ಓದಲಿ. ನಿನ್ನ ಕುಂಕುಮ ತಂಪಾಗಿರಲಿ.

ನಿನ್ನ ಅಕ್ಕ,
ಸಣ್ಣಮ್ಮ

ತಾ.ಕ.: ಓದಿ ಒಲೆಗೆ ಹಾಕು. ನಿನ್ನೆ ಇವರು ಕಣ್ಣು ಮುಚ್ಚಿದಾಗ, ಆ ರಿಪೋರ್ಟಿನಲ್ಲಿ ವೈರಸ್ಸು ಇಲ್ಲವೆಂದೇ ಬರಬೇಕಿತ್ತು ಎನಿಸಿತು. ಬದುಕುತ್ತಿರಲಿಲ್ಲ, ಆದರೆ ನನ್ನವರಾಗಿಯೇ ಹೋಗುತ್ತಿದ್ದರು. ಒಂದು ಗಳಿಗೆಯಲ್ಲ, ಗಂಜಿ ಬಿಸಿಯಾಗುವವರೆಗೂ ಒಲೆ ಮುಂದೆ ನಿಂತು ಅದನ್ನೇ ಬಯಸಿದೆ. ಮೊದಲ ಚಮಚ ಇಳಿದ ಮೇಲೆ ಇವರು ನನ್ನ ಕೈ ಹಿಡಿದು, "ನೀ ಇದ್ದದ್ದಕ್ಕೆ ಬದುಕ್ದೆ" ಅಂದರು.