ಬೂಷ್ಟು ಹಿಡಿದ ಬ್ರೆಡ್ಡು

ಮಾರ್ಚ್ ೧೨, ಭಾನುವಾರ

ಪ್ರೀತಿಯ ಮಗೂ,

ಚೆನ್ನಾಗಿದ್ದೀಯಷ್ಟೆ? ನಾನು ಗಟ್ಟಿಮುಟ್ಟಾಗಿದ್ದೇನೆ. ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಪೆನ್ನು ಸಿಕ್ಕಿದರೆ ಕನ್ನಡಕ ಸಿಗುವುದಿಲ್ಲ. ಎರಡೂ ಸಿಕ್ಕಿದ ಮೇಲೆ ನಿನ್ನನ್ನು ಏನೆಂದು ಕರೆಯಲಿ ಎಂಬ ಯೋಚನೆ. ನೀನೂ ನನ್ನ ಮಗನೂ ಬೇರೆಯಾಗಿ, ಕೋರ್ಟಿನ ಕೆಲಸವೂ ಮುಗಿದ ಮೇಲೆ ‘ಸೊಸೆ’ ಎನ್ನಬಹುದೋ ಇಲ್ಲವೋ. ಅದಕ್ಕೇ ‘ಮಗೂ’ ಎಂದುಬಿಟ್ಟೆ.

ಮೊದಲು ಥ್ಯಾಂಕ್ಸ್. ಅಷ್ಟು ಕೆಲಸದ ನಡುವೆ ಈ ಮುದುಕನನ್ನು ಲ್ಯಾಬಿಗೆ ಕರೆಸಿಕೊಂಡೆಯಲ್ಲ, ಎಷ್ಟು ನೆನೆದರೂ ಸಾಲದು. ಬೂಷ್ಟಿನ ಮೇಲೆ ಕೆಲಸ ಅಂದಿದ್ದೆ ನೋಡು ನೀನು, ಬರಿಗೈಲಿ ಬರುವುದು ಹೇಗೆಂದು ಬ್ರೆಡ್ಡಿಗೆ ನೀರು ಚಿಮುಕಿಸಿ ವಾರವಿಡೀ ಬೂಷ್ಟು ಬೆಳೆಸಿದೆ. ನಿನ್ನ ಅತ್ತೆ ಬದುಕಿದ್ದಿದ್ದರೆ ಬ್ರೆಡ್ಡಿನ ಜೊತೆ ನನ್ನನ್ನೂ ಹೊರಗೆಸೆಯುತ್ತಿದ್ದಳು. ಬಾಗಿಲಲ್ಲಿ ಕಾವಲಿನವನು ಡಬ್ಬಿ ತೆಗೆಸಿ ನೋಡಿ, "ತಿನ್ನಬೇಡಿ ಯಜಮಾನ್ರೇ, ಹೊಟ್ಟೆ ಕೆಡುತ್ತೆ" ಅಂದ. "ತಿನ್ನೋಕಲ್ಲಪ್ಪ, ಸಂಶೋಧನೆಗೆ" ಎಂದು ನಾನು ಎದೆ ಉಬ್ಬಿಸಿದೆ. ನೀನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಿನಗೆ ಬೇಕಾದ ತಳಿಯೇ ಬೇರೆಯಂತೆ. ಆದರೂ ಎಸೆಯಲಿಲ್ಲ. ಚೂರು ಕಿತ್ತು ಗಾಜಿನ ತಟ್ಟೆಗಿಟ್ಟು, ಮುಚ್ಚಳದ ಮೇಲೆ ಏನೋ ಗೀಚಿ, ಉಳಿದವುಗಳ ಸಾಲಿನಲ್ಲೇ ಇಟ್ಟೆ.

ಆಮೇಲೆ ಮೈಕ್ರೋಸ್ಕೋಪು. ನಾನು "ಆಹಾ, ಕೆರೆ ಪಾಚಿ!" ಎಂದರೆ ನೀನು, "ಪಾಚಿ ಥರ ಕಾಣುತ್ತೆ ಅಷ್ಟೆ, ಇದು ಬ್ಯಾಕ್ಟೀರಿಯಾ. ಬೂಷ್ಟು ಬಿಡೋ ಕಿಣ್ವ ಇದರ ಜೀವಕೋಶದ ಗೋಡೆ ಕರಗಿಸುತ್ತೆ, ನೋಡ್ತಾ ಇರಿ" ಅಂದೆ. ಹಸಿರು ಮಣಿಸರದ ಹಾಗಿತ್ತು. ನೋಡುನೋಡುತ್ತಲೇ ಒಂದು ಮಣಿ ಉಬ್ಬಿ, ಒಡೆದು, ಒಳಗಿನ ಹಸಿರು ಹೊಗೆಯಂತೆ ಹರಡಿತು. ಕಾಲೇಜಿನ ಬಾಯಿಪಾಠ ತಾನಾಗಿ ಬಂತು: "ದಿ ಸೆಲ್ ವಾಲ್ ಈಸ್ ಎ ರಿಜಿಡ್..." ಮುಂದೆ? ಅಂದೂ ಅಲ್ಲೇ ನಿಂತು ಮೇಷ್ಟ್ರ ಕೈಲಿ ಬೈಸಿಕೊಂಡಿದ್ದೆ. "ನಾನ್‌ಲಿವಿಂಗ್ ಲೇಯರ್" ಎಂದು ನೀನು ಮುಗಿಸಿಕೊಟ್ಟೆ. ನಲವತ್ತು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಇಳಿಯಿತು.

ಮುಂದೊಂದು ದಿನ ಇದೇ ಹಸಿರು ಕಟ್ಟಿಕೊಂಡಿರುವ ನಮ್ಮ ಬೀದಿ ಕೊನೆಯ ಕೆರೆಯ ನಾತಕ್ಕೂ ಇದರಿಂದ ಮದ್ದು ಸಿಗಬಹುದೆಂದೆಯಲ್ಲ, ಪಕ್ಕದಂಗಡಿ ಟೈಲರ್‌ಗೆ ಹೇಳಿದೆ. "ಕಂಡುಹಿಡೀತಿರೋದು ನಿಮ್ಮ ಸೊಸೇನಾ?" ಅಂದ. "ಮತ್ತಿನ್ಯಾರು!" ಅಂದುಬಿಟ್ಟೆ. ಬಾಯಿ ತಪ್ಪಿ ಬಂತು, ಕ್ಷಮಿಸು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೆಲಸ ನಿನ್ನ ಕೈಹಿಡಿಯಲಿ, ಆ ನಗು ಹಾಗೇ ಇರಲಿ.

ಯುವರ್ಸ್ ಒಬಿಡಿಯೆಂಟ್ಲಿ, ಅಥವಾ ಅದೇನೋ ಇನ್ನೊಂದು,
ನಿನ್ನ ಬೂಷ್ಟಿನ ಮುದುಕ

ತಾ.ಕ.: ನಿಮ್ಮ ಸಾಹೇಬರು ಬಂದು ನಾನು ಯಾರೆಂದು ಕೇಳಿದಾಗ ನೀನು "ಪರಿಚಯದವರು" ಅಂದೆ. ಕೇಳಿಸದವನ ಹಾಗೆ ಕಿಟಕಿ ನೋಡುತ್ತ ನಿಂತೆ. ನಿನ್ನ ತಪ್ಪಲ್ಲ, ಇನ್ನೇನು ತಾನೇ ಹೇಳಲಾಗುತ್ತಿತ್ತು? ಆದರೆ ಹೊರಡುವಾಗ ಕನ್ನಡಕ ಹಾಕಿಕೊಂಡು ಆ ತಟ್ಟೆಯ ಮುಚ್ಚಳ ಓದಿದೆ. ‘ಮಾವನ ಬ್ರೆಡ್ಡು’ ಅಂತಿತ್ತು. ಅದರಿಂದ ಯಾವ ಕೆಲಸವೂ ಆಗದಿದ್ದರೂ ಬೇಗ ಎಸೆಯಬೇಡಮ್ಮ.