ಕುರೆಮಾತ್ಸು ಹೆಸರಿನ ಹರಳು

ಶೋವಾ ಶಕೆಯ ಐವತ್ತೆಂಟನೆಯ ವರ್ಷ, ಹತ್ತನೆಯ ತಿಂಗಳು

ವಿದುಷಿ ಮಿಯೋಶಿ ಅಕಿಹೊ ಅವರಿಗೆ,

ವಿಹಾರದ ಅಂಗಳದ ಕಾಕಿ ಹಣ್ಣುಗಳು ಕೆಂಪೇರುತ್ತಿರುವ ಈ ದಿನಗಳಲ್ಲಿ ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಬುದ್ಧನ ಕರುಣೆಯಿಂದ ನಾನೂ ನನ್ನ ಪತ್ನಿ ಫುಸಾಳೂ ಸುಖವಾಗಿದ್ದೇವೆ.

ತಮ್ಮ ಪತ್ರ ಕೈಸೇರಿತು. ಮುಚ್ಚಿಹೋದ ಮ್ಯಾಂಗನೀಸ್ ಗಣಿಯ ಕಲ್ಲುರಾಶಿಯಿಂದ ನಾನು ಹೆಕ್ಕಿ ಕಳುಹಿಸಿದ್ದ ಜೇನುಬಣ್ಣದ ಸೂಜಿಹರಳುಗಳು ಜಗತ್ತು ಇದುವರೆಗೆ ಅರಿಯದ ಖನಿಜವೆಂದು ತಾವು ಬಹುಕಾಲ ಶ್ರಮಿಸಿ ಸಾಬೀತುಪಡಿಸಿದ್ದೀರಿ. ಅದಕ್ಕೆ ನನ್ನ ಗೌರವಾರ್ಥ ‘ಕುರೆಮಾತ್ಸೈಟ್’ ಎಂದು ಹೆಸರಿಡಲು, ಬದುಕಿರುವವನ ಸಮ್ಮತಿ ಬೇಕೆಂಬ ನಿಯಮದಂತೆ, ನನ್ನ ಒಪ್ಪಿಗೆ ಕೇಳಿದ್ದೀರಿ.

ನಾನು ಮೊದಲು ಬರೆದದ್ದು ನಿರಾಕರಣೆಯ ಉತ್ತರ. ಸತ್ತವರಿಗೆ ಧರ್ಮನಾಮ ಕೊಟ್ಟು, ಲೋಕದ ಹೆಸರನ್ನು ಕಳಚಿ ಹಗುರಾಗಿ ಕಳುಹಿಸುವುದು ನನ್ನ ಕಾಯಕ. ಅಂಥವನು ಸ್ವಂತ ಹೆಸರನ್ನು ಕಲ್ಲಿಗೆ ಅಂಟಿಸುವುದು ತರವಲ್ಲ, ಬೆಟ್ಟದ ಹೆಸರನ್ನೇ ಇಡಿ ಎಂದು ಬರೆದು ಶಾಯಿ ಆರಲು ಬಿಟ್ಟಿದ್ದೆ. ಚಹಾ ತಂದ ಫುಸಾ ಅದನ್ನು ಓದಿದಳು.

“ರೀ, ಇದು ನಿಮ್ಮ ಹೆಸರಾ?”

“ಮತ್ತಿನ್ಯಾರದು?”

“ನಮ್ಮಪ್ಪಂದು. ಅಳಿಯನಾಗಿ ಈ ಮನೆಗೆ ಬಂದಾಗ ನಿಮ್ಮ ಹತ್ರ ಇದ್ದದ್ದು ಒಂದು ಬಟ್ಟೆಗಂಟು, ಒಂದು ಸುತ್ತಿಗೆ. ಹೆಸರು ಕೊಟ್ಟೋರು ನಾವು. ಬೇಡ ಅನ್ನೋಕೆ ನೀವ್ಯಾರು?”

“ಧರ್ಮ ಹೇಳೋನಿಗೆ ಹೆಸರಿನ ಮೋಹ ಇರಬಾರದು ಕಣೆ.”

“ಕಲ್ಲಿನ ಮೋಹ ಇರಬಹುದೇನು? ನನ್ನ ಉಪ್ಪಿನಕಾಯಿ ಭರಣಿ ಮೇಲಿಡೋ ಕಲ್ಲನ್ನೂ ಒಡೆದು ನೋಡಿದೋರು ನೀವು.”

ನಾನು ನಕ್ಕೆ. ಅವಳು ನಗಲಿಲ್ಲ.

ಫುಸಾ ಈ ವಿಹಾರದ ಹಿಂದಿನ ಗುರುಗಳ ಒಬ್ಬಳೇ ಮಗಳು. ಮನೆತನ ಉಳಿಯಲೆಂದೇ ನನ್ನನ್ನು ಅಳಿಯನಾಗಿಯೂ ದತ್ತುಮಗನಾಗಿಯೂ ತಂದುಕೊಂಡರು. ಬೆಳಗಿನ ಸೂತ್ರಪಠಣ ಮುಗಿದರೆ ಬೆಟ್ಟಕ್ಕೆ ಹೋಗಲು ಅವರು ಎಂದೂ ಅಡ್ಡಿ ಮಾಡಿದವರಲ್ಲ. ನಮಗೆ ಮಕ್ಕಳಾಗಲಿಲ್ಲ. ಗಣಿ ನಿಂತ ಮೇಲೆ ಊರೂ ಬರಿದಾಯಿತು. ಬರುವ ವಸಂತದಲ್ಲಿ ಈ ವಿಹಾರ ಕೆಳಕಣಿವೆಯ ವಿಹಾರದೊಡನೆ ಸೇರಿಹೋಗುತ್ತದೆ. ನಮ್ಮಿಬ್ಬರ ತರುವಾಯ ಕುರೆಮಾತ್ಸು ಎಂದು ಕರೆಸಿಕೊಳ್ಳುವವರು ಯಾರೂ ಇಲ್ಲ. ಅವಳು ಈ ಮಾತನ್ನು ನನ್ನೆದುರು ಎಂದೂ ಆಡಿರಲಿಲ್ಲ. ನಾನು ವೈರಾಗ್ಯವೆಂದು ಬೀಗುತ್ತಾ ಬಿಟ್ಟುಕೊಡಲು ಹೊರಟದ್ದು ಅವಳ ಸೊತ್ತನ್ನು.

ಆದ್ದರಿಂದ ಆ ಹಾಳೆಯನ್ನು ಒಲೆಗೆ ಹಾಕಿ ಇದನ್ನು ಬರೆಯುತ್ತಿದ್ದೇನೆ. ನನ್ನ ಒಪ್ಪಿಗೆ ಇದೆ, ಸಂತೋಷದಿಂದ. ಹೆಸರಿನ ವಿವರಣೆಯಲ್ಲಿ ಮಾವನವರನ್ನೂ ಒಂದು ಮಾತಿನಲ್ಲಿ ನೆನೆಯಲು ಅವಕಾಶವಿದ್ದರೆ ದಯವಿಟ್ಟು ನೆನೆಯಿರಿ. ಹರಳು ಅತಿ ಚಿಕ್ಕದು, ಭೂತಗನ್ನಡಿ ಇಲ್ಲದೆ ಕಾಣದು ಎಂದು ತಾವು ಸಂಕೋಚಪಟ್ಟಿದ್ದೀರಿ. ಚಿಕ್ಕದಾದರೇನು, ಅದಕ್ಕೆ ಸಂತಾನದ ಚಿಂತೆಯಿಲ್ಲ. ತಮ್ಮ ಈ ಉಪಕಾರಕ್ಕೆ ಸಾಟಿಯಾದ ಕೃತಜ್ಞತೆಯ ನುಡಿ ನಾನು ಓದಿದ ಗ್ರಂಥಗಳಲ್ಲಿ ಸಿಗಲಿಲ್ಲ, ತಲೆಬಾಗಿದ್ದೇನೆ.

ಬುದ್ಧನ ಬೆಳಕು ತಮ್ಮ ಕೆಲಸದ ಮೇಜಿನ ಮೇಲೂ ಬೀಳಲಿ.

ತಮ್ಮ ಋಣಿ,
ಕುರೆಮಾತ್ಸು ರ್ಯೋಸೆನ್

ಮರೆತ ಮಾತು: ಖನಿಜಗಳ ಹೆಸರನ್ನು ನಿರ್ಧರಿಸುವ ಮಂಡಳಿ ಒಪ್ಪುವವರೆಗೆ ಈ ಹೆಸರನ್ನು ಯಾರಿಗೂ ತಿಳಿಸಬಾರದೆಂದು ಬರೆದಿದ್ದೀರಿ. ಒಬ್ಬರಿಗೆ ತಿಳಿದುಹೋಗಿದೆ. ತಂದೆಯ ಶ್ರಾದ್ಧದ ದಿನವೂ ಬಾಗಿಲ ಬಳಿಯೇ ಕೈಮುಗಿದು ಎದ್ದುಬಿಡುತ್ತಿದ್ದ ಫುಸಾ, ಇಂದು ಮುಂಜಾನೆ ಪೂಜಾಪೀಠದಲ್ಲಿ ಅವರ ನೆನಪಿಗಿಟ್ಟ ನಾಮಫಲಕದ ತೀರ ಹತ್ತಿರ ಕುಳಿತು, “ಅಪ್ಪಾ, ನಮ್ಮ ಹೆಸರು ಹೋಗಲ್ವಂತೆ” ಎಂದಳು. ನಾನು ಕೇಳಿಸದವನಂತೆ ಅಂಗಳ ಗುಡಿಸುತ್ತಿದ್ದೆ. ಮಂಡಳಿಯವರು ಮನ್ನಿಸಬೇಕು.