ನೋಡದೆ ಸಹಿ ಹಾಕಿದ ಉಸುಕು

ಕಾಶಪ್ಪ ಕಾಕಾರಿಗೆ,

ಶರಣು ಎಂದು ಬರೆಯಲೂ ಕೈ ಹಿಂಜರಿಯುತ್ತಿದೆ.

ಹುಮನಾಬಾದಿನ ಎರಕದ ಕಾರ್ಖಾನೆಗೆ ನಾನು ತಪಾಸಣೆಯ ಕೆಲಸಕ್ಕೆ ಹೊಸದಾಗಿ ಬಂದಾಗ ಭಟ್ಟಿಯ ಹತ್ತಿರ ಹೋಗಲು ಹೆದರುತ್ತಿದ್ದೆ. ನೀವೇ ಕರೆದು, ಅಚ್ಚಿನ ಉಸುಕನ್ನು ಮುಷ್ಟಿಯಲ್ಲಿ ಹಿಚುಕಿ, ಮುರಿದು ನೋಡುವುದನ್ನು ಕಲಿಸಿದಿರಿ. ಹಸಿ ಹೆಚ್ಚಿದ್ದರೆ ಎರಕದಲ್ಲಿ ಗುಳ್ಳೆ ಏಳುತ್ತದೆ ಎಂದು ಎಷ್ಟು ಸಲ ಹೇಳಿದ್ದೀರಿ!

ಆ ಸಂಜೆ ಬಸವಕಲ್ಯಾಣದ ಬಸ್ಸು ತಪ್ಪೀತೆಂಬ ಅವಸರ ನನಗೆ. "ಉಸುಕ ನೋಡೀ ಏನವ್ವಾ?" ಎಂದು ಕೇಳಿದಿರಿ. "ನೋಡೀನ್ರಿ ಕಾಕಾ" ಅಂದೆ. ಮುಟ್ಟಿಯೂ ಇರಲಿಲ್ಲ, ತಪಾಸಣೆಯ ರಿಜಿಸ್ಟರಿನಲ್ಲಿ ಸಹಿ ಮಾತ್ರ ಹಾಕಿದ್ದೆ. "ನೀ ನೋಡೀ ಅಂದ್ರ ಮುಗೀತು" ಎಂದು ನೀವು ಮತ್ತೆ ನೋಡಲಿಲ್ಲ. ಯಾಕೆ ಅಷ್ಟು ನಂಬಿದಿರಿ ಕಾಕಾ?

ಅಂದು ಎರೆದ ಪಂಪಿನ ಬಾಡಿಗಳೆಲ್ಲ ಗುಳ್ಳೆಬಿದ್ದು ವಾಪಸ್ ಬಂದ ದಿನ, "ವಯಸ್ಸಾತು, ನನ್ನ ಕೈ ದಗಾ ಕೊಡ್ತು" ಅಂದಿರಿ. ಪಕ್ಕದಲ್ಲೇ ಇದ್ದ ನಾನು ಪೆನ್ನು ತೆಗೆದೆ. ರಿಜಿಸ್ಟರಿನಲ್ಲಿ "ಎರಕದವರ ತಪ್ಪು" ಎಂದು ಬರೆದೆ. ಅದನ್ನೇ ನೋಡಿ ಮಾಲೀಕರು ಎರಕದ ಕೆಲಸವನ್ನು ಚೀನಾಕ್ಕೆ ಕೊಟ್ಟರು. ಭಟ್ಟಿ ಆರಿತು. ನೀವು ಮನೆ ಸೇರಿದಿರಿ, ಆಮೇಲೆ ಮಣ್ಣೂ ಸೇರಿದಿರಿ.

ಹೋದ ವಾರ ಅದೇ ಕೆಲಸ ಇಲ್ಲಿಗೆ ತರಬಹುದೇ ಎಂದು ತೂಗಿ ನೋಡಲು ಮಾಲೀಕರು ಒಂದು ಸಾಫ್ಟ್‌ವೇರ್ ತರಿಸಿದರು. ಹಡಗಿನ ವಿಳಂಬ, ಸಾಗಣೆ, ಹಳೆಯ ದಾಖಲೆ, ಎಲ್ಲವನ್ನೂ ಅದರಲ್ಲಿ ತುಂಬಿದವಳು ನಾನೇ. "ಇಲ್ಲಿನ ಎರಕ ನಂಬಲಾಗದು, ವಿದೇಶದಲ್ಲೇ ಮುಂದುವರಿಸಿ" ಎಂದು ಉತ್ತರ ಬಂತು. "ಕಂಪ್ಯೂಟರೇ ಬ್ಯಾಡ ಅನ್ನಾಕತ್ತದ, ಬಿಡ್ರಿ" ಎಂದು ಮಾಲೀಕರು ಎದ್ದರು. ಅದಕ್ಕೇನು ಗೊತ್ತು ಕಾಕಾ? ನಾನು ಬರೆದ ಸುಳ್ಳನ್ನೇ ಅದು ನನಗೆ ಓದಿ ಹೇಳಿತ್ತು.

ಎಲ್ಲರೆದುರು ನಿಜ ಹೇಳಿದೆ. ಮಾಲೀಕರು ಹಳೆಯ ರಿಜಿಸ್ಟರು ತರಿಸಿ ಆ ಪುಟ ತೆರೆದು ನೋಡಿದರು. ಕೊನೆಗೆ, "ಖರೇ ಬರದು ಮತ್ತ ಹಾಕ್ರಿ" ಅಂದರು. ದಾಖಲೆ ತಿದ್ದಿ ಹಾಕಿದೆ, ಉತ್ತರ ಬದಲಾಯಿತು. ಬರುವ ತಿಂಗಳು ಭಟ್ಟಿ ಹೊತ್ತಿಸುತ್ತಾರೆ. ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ, ಇನ್ನೂ ಹೇಳಿಲ್ಲ.

ರಾಜೇಶ್ವರದ ನಿಮ್ಮ ಮನೆಯಲ್ಲಿ ಕಾಕೂ ಈಗಲೂ ಬಂದವರ ಮುಂದೆ, "ಕಡೀಕ ಇವರ ಕೈ ತಪ್ತು" ಎಂದು ಕಣ್ಣೊರೆಸಿಕೊಳ್ಳುತ್ತಾರಂತೆ. ಭಾನುವಾರ ಅವರ ಹತ್ತಿರ ಹೋಗುತ್ತೇನೆ. ತಪ್ಪಿದ್ದು ನಿಮ್ಮ ಕೈಯಲ್ಲ ಎಂದು ಹೇಳುತ್ತೇನೆ. ಆಮೇಲೆ ಅವರು ನನಗೊಂದು ಗುಟುಕು ನೀರು ಕೊಡದಿದ್ದರೂ ಸರಿ.

ನೀವು ನಂಬಿದ್ದ
ಸುಮಂಗಲಾ